ಬ್ವಿಂಡಿಯೋ, ಕಿಬಾಲೆಯೋ?

ಉಗಾಂಡಾದಲ್ಲಿ ಒಂದೇ ಮಳೆಕಾಡು ನೋಡಲು ಸಮಯವಿದೆಯೇ? ಗೊರಿಲ್ಲಾ ನೋಡಲೇಬೇಕು ಅಂದರೆ ಬ್ವಿಂಡಿ, ಎರಡನೇ ಮಾತಿಲ್ಲ. ಜಗತ್ತಿನ ಬೆಟ್ಟದ ಗೊರಿಲ್ಲಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಲ್ಲೇ ಇವೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಕಾಡಿನ ಬಗೆಬಗೆ ರೂಪ. ಸುಮಾರು 1,160 ಮೀಟರ್‌ನಿಂದ 2,600 ಮೀಟರ್‌ವರೆಗೆ ಏರುವ ಕಾಡು ಅದು. ಕೆಳಗೆ ದಟ್ಟ ಮರಗಳು, ಮೇಲೆ ಬಿದಿರು, ನಡುವೆ ಮುಬ್ವಿಂಡಿ ಜೌಗು. ಆ ಜೌಗಿನ ಹತ್ತಿರ ಆಫ್ರಿಕನ್ ಗ್ರೀನ್ ಬ್ರಾಡ್‌ಬಿಲ್ ಎಂಬ ಅಪರೂಪದ ಹಸಿರು ಹಕ್ಕಿ ಗೂಡು ಕಟ್ಟುತ್ತದೆ. ಆದರೆ ದಾರಿ ಕಡಿದಾದದ್ದು, ಕೆಸರೂ ಇರುತ್ತದೆ. ಮಂಡಿನೋವು ಇದ್ದವರಿಗೆ ಕಷ್ಟವೇ.

ಅಂಥವರಿಗೆ ಕಿಬಾಲೆ ವಾಸಿ. ಅಷ್ಟು ಏರಿಲ್ಲ. ಚಿಂಪಾಂಜಿ ಸೇರಿ 13 ಜಾತಿಯ ವಾನರಗಳಿವೆ. ಪಕ್ಕದ ಬಿಗೋಡಿ ಜೌಗನ್ನು ಊರಿನವರೇ ಕಾಪಾಡುತ್ತಿದ್ದಾರೆ. ಅಲ್ಲಿಗೂ ಅರ್ಧ ದಿನ ಇಟ್ಟುಕೊಳ್ಳಿ.