ಕರಾವಳಿಯ ಸೆಕೆಯಲ್ಲಿ 48 ಮೊಟ್ಟೆಯ ಇನ್‌ಕ್ಯುಬೇಟರ್: ಒಂದು ವರ್ಷ ಬಳಸಿದ ಮೇಲೆ

ಉಡುಪಿಯಿಂದ ಹಿರಿಯಡ್ಕದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಸದ್ಯಕ್ಕೆ ಹದಿನೇಳು ಹೇಂಟೆಗಳೂ ಮೂರು ಹುಂಜಗಳೂ ಇವೆ. ಅವುಗಳಲ್ಲಿ ಕೆಲವು ಊರ ಕೋಳಿಗಳು, ಉಳಿದವು ಗಿರಿರಾಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ರೈತರಿಗೆ ಕೊಟ್ಟ ಈ ತಳಿ ಹಿತ್ತಿಲಲ್ಲಿ ಮೇಯ್ದುಕೊಂಡು ಚೆನ್ನಾಗಿಯೇ ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಆದರೆ ಕಾವಿಗೆ ಕೂರುವುದು ಬಹಳ ಅಪರೂಪ. ಊರ ಹೇಂಟೆ ಕೂತರೂ ಅದರ ಹೊಟ್ಟೆಯಡಿಗೆ ಹತ್ತು ಹನ್ನೆರಡು ಮೊಟ್ಟೆಗಿಂತ ಹೆಚ್ಚು ಹಿಡಿಸುವುದಿಲ್ಲ, ಮತ್ತು ಏಪ್ರಿಲ್‌–ಮೇ ತಿಂಗಳ ಸೆಕೆಯಲ್ಲಿ ಹೇನಿನ ಕಾಟ ತಾಳಲಾರದೆ ಅದು ನಡುವಿನಲ್ಲೇ ಎದ್ದು ಹೋಗುವುದೂ ಉಂಟು. ಈ ಕಾರಣಕ್ಕೆ ಕಳೆದ ವರ್ಷ ಮಾರ್ಚ್ ಕೊನೆಯಲ್ಲಿ 7,200 ರೂಪಾಯಿ ಕೊಟ್ಟು 48 ಮೊಟ್ಟೆ ಹಿಡಿಯುವ, ತಾನಾಗಿ ಮೊಟ್ಟೆ ಹೊರಳಿಸುವ ಇನ್‌ಕ್ಯುಬೇಟರ್ ತರಿಸಿಕೊಂಡೆ. ನಾಲ್ಕು ಬಾರಿ ಮೊಟ್ಟೆ ಇಟ್ಟು ಮರಿ ಮಾಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಅಚ್ಚಿನ ಹಳದಿ ಪ್ಲಾಸ್ಟಿಕ್ ಪೆಟ್ಟಿಗೆ ಈಗ ಬೇರೆ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಮಾರುಕಟ್ಟೆಗೆ ಬರುತ್ತಿರುವುದರಿಂದ ಹೆಸರು ಹೇಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಎಲ್ಲದರ ಗುಣದೋಷ ಹೆಚ್ಚುಕಡಿಮೆ ಒಂದೇ.

ಯಂತ್ರದ ರಚನೆ ಸರಳವಾಗಿದೆ. ಮುಚ್ಚಳದಲ್ಲಿ 80 ವಾಟ್‌ನ ಹೀಟರ್, ಗಾಳಿ ತಿರುಗಿಸುವ ಸಣ್ಣ ಫ್ಯಾನ್, ಉಷ್ಣತೆ ಮತ್ತು ತೇವಾಂಶ ತೋರಿಸುವ ಪರದೆ. ಕೆಳಗೆ ಉರುಳೆಗಳ ತಟ್ಟೆ, ಅದರಡಿಯಲ್ಲಿ ಎರಡು ನೀರಿನ ತೊಟ್ಟಿ. ಎರಡು ಗಂಟೆಗೊಮ್ಮೆ ಉರುಳೆಗಳು ನಿಧಾನಕ್ಕೆ ತಿರುಗಿ ಮೊಟ್ಟೆಗಳನ್ನು ಹೊರಳಿಸುತ್ತವೆ. 12 ವೋಲ್ಟ್‌ನ ಬ್ಯಾಟರಿ ಸಿಕ್ಕಿಸಲು ಪಕ್ಕದಲ್ಲಿ ಜಾಗವಿದೆ. ಕೋಳಿಮೊಟ್ಟೆಗೆ 21 ದಿನ, ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ ಉಷ್ಣತೆ, ಮೊದಲ 18 ದಿನ ಶೇಕಡ 50ರ ಆಸುಪಾಸಿನ ತೇವಾಂಶ, ಆಮೇಲೆ ಹೊರಳಿಸುವುದನ್ನು ನಿಲ್ಲಿಸಿ ಕೊನೆಯ ಮೂರು ದಿನ ಶೇಕಡ 65ರಿಂದ 70. ಇಷ್ಟನ್ನು ಜೊತೆಗೆ ಬಂದ ಹಾಳೆಯಲ್ಲಿಯೂ ಸರಿಯಾಗಿಯೇ ಬರೆದಿದ್ದಾರೆ. ತಪ್ಪಿರುವುದು ಇದನ್ನು ಸಾಧಿಸುವುದು ಹೇಗೆಂದು ಅವರು ಹೇಳಿಕೊಟ್ಟ ರೀತಿಯಲ್ಲಿ.

ಮೊದಲ ಬಾರಿ ಆದ ನಷ್ಟಕ್ಕೆ ಮಾತ್ರ ಪೂರ್ತಿ ನಾನೇ ಹೊಣೆ. ಉಪ್ಪರಿಗೆಯಲ್ಲಿ ಶೀಟು ಹೊದೆಸಿದ ಕೋಣೆ ಖಾಲಿ ಇತ್ತು, ಬೆಕ್ಕಿನ ಕಾಟವಿಲ್ಲವೆಂದು ಯಂತ್ರವನ್ನು ಅಲ್ಲಿಟ್ಟೆ. ಮೊದಲ ಎರಡು ವಾರ ಎಲ್ಲವೂ ಸರಿಯಿತ್ತು. ಹದಿನೈದನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಎಚ್ಚರಿಕೆಯ ಸದ್ದು ಕೇಳಿ ಓಡಿಹೋಗಿ ನೋಡಿದರೆ ಪರದೆಯ ಮೇಲೆ 39.6 ಇತ್ತು, ಹೀಟರಿನ ದೀಪ ಆರಿತ್ತು. ಕೋಣೆಯೇ 36 ಡಿಗ್ರಿಗೆ ಕಾದಿತ್ತು. ಹೀಟರ್ ಆರಿದ ಮೇಲೂ ಒಳಗೆ ಬಿಸಿ ಏರಿದ್ದು ಹೇಗೆಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಎರಡು ವಾರ ದಾಟಿದ ಭ್ರೂಣ ತಾನೇ ಬಿಸಿಯನ್ನು ಹೊರಹಾಕುತ್ತದೆ; ಮೂವತ್ತು ಮೊಟ್ಟೆಗಳ ಬಿಸಿ ಆ ಸಣ್ಣ ಪೆಟ್ಟಿಗೆಯಲ್ಲಿ ಸೇರಿಕೊಂಡಾಗ ಹೊರಗಿನ ಗಾಳಿ ತಂಪಾಗಿಲ್ಲದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಈ ಯಂತ್ರ ಬಿಸಿ ಮಾಡಬಲ್ಲದೇ ಹೊರತು ತಂಪು ಮಾಡಲಾರದು. ಭ್ರೂಣವಾದರೋ ಸ್ವಲ್ಪ ಹೊತ್ತಿನ ಚಳಿಯನ್ನು ತಾಳಿಕೊಂಡಷ್ಟು ಸುಲಭವಾಗಿ ಹೆಚ್ಚಿನ ಬಿಸಿಯನ್ನು ತಾಳಿಕೊಳ್ಳುವುದಿಲ್ಲ. ಆ ಬಾರಿ ಮೂವತ್ತು ಮೊಟ್ಟೆಯಲ್ಲಿ ಆರು ಮರಿ ಮಾತ್ರ ಹೊರಬಂದವು.

ಅದರ ನಂತರ ಯಂತ್ರವನ್ನು ಕೆಳಗೆ, ಹಿಂದೆ ಅಕ್ಕಿ ಮುಡಿ ಇಡುತ್ತಿದ್ದ ಒಳಕೋಣೆಗೆ ತಂದೆ. ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಅದರ ಕೆಳಗೆ ಮರದ ಮುಚ್ಚಿಗೆ. ಹೊರಗೆ 34 ಡಿಗ್ರಿ ಇರುವಾಗಲೂ ಅಲ್ಲಿ 30 ದಾಟುವುದಿಲ್ಲ, ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ. ನಮ್ಮ ಕಡೆಯಲ್ಲಿ ಇದನ್ನು ಕೊಳ್ಳುವವರು ಯಂತ್ರ ಆರಿಸುವ ಮೊದಲು ಕೋಣೆಯನ್ನು ಆರಿಸಿಕೊಳ್ಳಬೇಕು. ಟೆರೇಸಿನ ಮನೆಯವರಾದರೆ ನೆಲಮಹಡಿಯಲ್ಲಿ, ಪಡುವಣ ಬಿಸಿಲು ತಾಗದ ಗೋಡೆಯ ಬದಿಯಲ್ಲಿ ಇಡುವುದು ಒಳ್ಳೆಯದು.

ಎರಡನೆಯ ಬಾರಿ ಮೇ ತಿಂಗಳಲ್ಲಿ ಇಟ್ಟ ಮೊಟ್ಟೆಗಳು ಪತ್ತನಾಜೆಯ (ಮೇ ಕೊನೆಯ ವಾರದ ಆಸುಪಾಸಿನಲ್ಲಿ ಬರುವ ತುಳುನಾಡಿನ ಆಚರಣೆ) ಹೊತ್ತಿಗೆ ಒಡೆಯಬೇಕಿತ್ತು. ಉಷ್ಣತೆ ಒಂದು ದಿನವೂ ತಪ್ಪಲಿಲ್ಲ. ಏಳನೆಯ ದಿನ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ ಜೀವ ಹಿಡಿಯದ ಐದನ್ನು ತೆಗೆದೆ, ಹದಿನಾಲ್ಕನೆಯ ದಿನ ರಕ್ತದ ಉಂಗುರ, ಅಂದರೆ ಭ್ರೂಣ ಸತ್ತ ಗುರುತು, ಕಂಡ ಎರಡನ್ನು ತೆಗೆದೆ. ಉಳಿದ 23ರಲ್ಲಿ ಮರಿಗಳು ಮಿಸುಕಾಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಇಪ್ಪತ್ತನೆಯ ದಿನ ರಾತ್ರಿ ಅಮ್ಮ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದು, "ಒಳಗೆ ಕೂಗುತ್ತಿದೆ ಮಗಾ, ಕೇಳು" ಎಂದು ನನ್ನ ಕಿವಿಗೂ ಹಿಡಿದರು. ಚಿಪ್ಪಿನ ಒಳಗಿನಿಂದ ಕೊಕ್ಕು ಕುಟ್ಟುವ ಸದ್ದೂ ತೆಳ್ಳಗಿನ ಚಿಂವ್‌ಗುಟ್ಟುವಿಕೆಯೂ ಕೇಳಿಸಿತು. ಮರುದಿನ ಸಂಜೆಯ ತನಕ ಹನ್ನೊಂದು ಮರಿಗಳು ಬಂದವು. ಉಳಿದ ಹನ್ನೆರಡು ಬರಲೇ ಇಲ್ಲ. ಇನ್ನೆರಡು ದಿನ ಕಾದು, ಒಂದೊಂದನ್ನಾಗಿ ದಪ್ಪ ತುದಿಯಲ್ಲಿ ಒಡೆದು ನೋಡಿದೆ. ಗರಿಯೆಲ್ಲ ಬಂದು ಪೂರ್ತಿ ಬೆಳೆದ ಮರಿ ಚಿಪ್ಪಿನ ಒಳಗೆ ಇಂಚೂ ಜಾಗವಿಲ್ಲದಂತೆ ತುಂಬಿಕೊಂಡಿತ್ತು. ದಪ್ಪ ತುದಿಯಲ್ಲಿ ಗಾಳಿ ತುಂಬಿರುವ ಜಾಗ, ಅಂದರೆ ಗಾಳಿಯ ಅರೆ, ಹತ್ತು ರೂಪಾಯಿಯ ನಾಣ್ಯಕ್ಕಿಂತ ಚಿಕ್ಕದಾಗಿತ್ತು. ಎತ್ತಿದಾಗ ಮೂಗಿನ ತೂತುಗಳಿಂದ ಅಂಟಾದ ನೀರು ತೊಟ್ಟಿಕ್ಕಿತು. ಅದು ಉಸಿರೆಳೆದುಕೊಳ್ಳುವ ಹೊತ್ತಿಗೆ ಅಲ್ಲಿ ಗಾಳಿಯ ಬದಲಿಗೆ ನೀರಿತ್ತು. ಹನ್ನೆರಡನ್ನೂ ತೆಂಗಿನ ಬುಡದಲ್ಲಿ ಹೂಳುವಾಗ ನನಗಾದ ಸಂಕಟವನ್ನು ಇಲ್ಲಿ ಬರೆಯುವುದು ಕಷ್ಟ.

ಮಾರಿದವರಿಗೆ ಫೋನ್ ಮಾಡಿದೆ. ಎರಡೂ ತೊಟ್ಟಿಗಳಲ್ಲಿ ನೀರು ಯಾವಾಗಲೂ ತುಂಬಿರಬೇಕು, ಬಹುಶಃ ನೀರು ಕಡಿಮೆಯಾಗಿ ಮರಿ ಒಣಗಿದೆ ಎಂಬ ಉತ್ತರ ಬಂತು. ನಾನು ಕಂಡದ್ದು ಅದಕ್ಕೆ ತೀರಾ ವಿರುದ್ಧವಾಗಿತ್ತು. ಪರದೆಯ ಮೇಲಿನ ತೇವಾಂಶ ಆ 18 ದಿನಗಳಲ್ಲಿ ಶೇಕಡ 68ರಿಂದ ಕೆಳಗಿಳಿದದ್ದೇ ಇಲ್ಲ. ನಾನೂ ಅದನ್ನು ಒಳ್ಳೆಯ ಲಕ್ಷಣವೆಂದೇ ನಂಬಿದ್ದೆ. ಮೊಟ್ಟೆಯು ಮೊದಲ 18 ದಿನಗಳಲ್ಲಿ ತನ್ನ ತೂಕದ ಸುಮಾರು ಶೇಕಡ 12ರಷ್ಟನ್ನು ನೀರಿನ ಆವಿಯಾಗಿ ಕಳೆದುಕೊಳ್ಳಬೇಕು, ಆ ಜಾಗದಲ್ಲಿ ಗಾಳಿಯ ಅರೆ ಬೆಳೆಯಬೇಕು. ಸುತ್ತಲಿನ ಗಾಳಿಯೇ ತೊಯ್ದಂತಿದ್ದರೆ ಆವಿ ಹೊರಗೆ ಹೋಗುವುದಿಲ್ಲ.

ಇದರ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮಂಗಳೂರು–ಉಡುಪಿಯ ಕಡೆ ಇಂತಹ ಯಂತ್ರ ಕೊಂಡು ಕೈಸುಟ್ಟುಕೊಂಡ ಬಹಳ ಮಂದಿಯ ಮೊಟ್ಟೆಗಳು ಹಾಳಾಗಿರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಗಾಳಿ ಬಿಸಿಯಾದಂತೆ ಅದರ ತೇವಾಂಶದ ಶೇಕಡವಾರು ಇಳಿಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ 32 ಡಿಗ್ರಿಯ, ಶೇಕಡ 25 ತೇವಾಂಶವಿರುವ ಗಾಳಿ ಯಂತ್ರದೊಳಗೆ ಹೋಗಿ 37.7 ಡಿಗ್ರಿಗೆ ಕಾದರೆ ಅಲ್ಲಿ ಶೇಕಡ 18ರಷ್ಟು ಮಾತ್ರ ಉಳಿಯುತ್ತದೆ. ಅಲ್ಲಿನವರು ತೊಟ್ಟಿ ತುಂಬಿಸಲೇಬೇಕು. ನಮ್ಮಲ್ಲಿ 30 ಡಿಗ್ರಿಯ, ಶೇಕಡ 75 ತೇವಾಂಶವಿರುವ ಗಾಳಿ ಒಳಗೆ ಹೋದರೆ ಒಂದು ಹನಿ ನೀರು ಹಾಕದೆಯೇ ಶೇಕಡ 49ರ ಹತ್ತಿರ ನಿಲ್ಲುತ್ತದೆ. ಮಳೆಗಾಲದ 27 ಡಿಗ್ರಿಯ, ಶೇಕಡ 95ರ ಗಾಳಿಗೂ ಉತ್ತರ ಹೆಚ್ಚುಕಡಿಮೆ ಅಷ್ಟೇ, ಶೇಕಡ 52. ಅಂದರೆ ಮೊಟ್ಟೆಗೆ ಬೇಕಾದ ತೇವಾಂಶವನ್ನು ಕಡಲೇ ಒದಗಿಸುತ್ತಿದೆ, ಅದರ ಮೇಲೆ ನಾವು ಎರಡು ತೊಟ್ಟಿ ನೀರು ಸುರಿಯುತ್ತಿದ್ದೇವೆ.

ಮೂರನೆಯ ಬಾರಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್), ಹೊರಗೆ ಬಿಡದೆ ಮಳೆ ಸುರಿಯುತ್ತಿರುವಾಗ, ಮೊದಲ 18 ದಿನ ತೊಟ್ಟಿಗಳನ್ನು ಒಣಗಿಸಿಯೇ ಇಟ್ಟೆ. ಗಾಳಿ ಹೋಗುವ ತೂತಿನ ಮುಚ್ಚಳವನ್ನು ಪೂರ್ತಿ ತೆರೆದೆ. ಹತ್ತು ಮೊಟ್ಟೆಗಳಿಗೆ ಪೆನ್ಸಿಲ್ ಗುರುತು ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: ಇಡುವ ದಿನ 436 ಗ್ರಾಂ, ಹದಿನೆಂಟನೆಯ ದಿನ 384 ಗ್ರಾಂ. ಕಡಿಮೆಯಾದದ್ದು 52 ಗ್ರಾಂ, ಬೇಕಾದ ಶೇಕಡ 12ಕ್ಕೆ ಸರಿಯಾಗಿ. ಆ ಮೇಲೆ ಮಾತ್ರ ಎರಡೂ ತೊಟ್ಟಿ ತುಂಬಿಸಿ, ಒಂದು ಒದ್ದೆ ಸ್ಪಂಜನ್ನೂ ಇಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿ ಮೂರು ದಿನ ಅದನ್ನು ತೆರೆಯಲಿಲ್ಲ. ಒಡೆಯುವ ಹೊತ್ತಿನಲ್ಲಿ ಒಳಪೊರೆ ಒಣಗಿ ಮರಿಗೆ ಅಂಟದಿರಲು ಈ ತೇವಾಂಶ ಬೇಕೇ ಬೇಕು. ಇಟ್ಟ ಮೂವತ್ತರಲ್ಲಿ ಜೀವ ಹಿಡಿದು ಉಳಿದದ್ದು 25, ಮರಿಯಾದದ್ದು 21. ಜನವರಿಯಲ್ಲಿ ನಾಲ್ಕನೆಯ ಬಾರಿ ಇಟ್ಟಾಗ ಮೂಡಣ ಗಾಳಿ ಬೀಸುತ್ತಿತ್ತು, ಒಳಗಿನ ತೇವಾಂಶ ಮಧ್ಯಾಹ್ನದಲ್ಲಿ ಶೇಕಡ 31ಕ್ಕೆ ಇಳಿಯಿತು. ಆಗ ಒಂದು ತೊಟ್ಟಿಗೆ ಅರ್ಧ ನೀರು ಹಾಕಬೇಕಾಯಿತು. 24ರಲ್ಲಿ 19 ಮರಿಗಳಾದವು. ಹೀಗಾಗಿ ನೀರು ಹಾಕಬೇಡಿ ಎಂಬುದು ನನ್ನ ಮಾತಲ್ಲ. ಹಾಳೆಯನ್ನು ಬದಿಗಿಟ್ಟು ತಕ್ಕಡಿಯನ್ನು ನಂಬಿ ಎಂದಷ್ಟೇ ಹೇಳುತ್ತೇನೆ.

ಇನ್ನು ಯಂತ್ರದ ಸ್ವಂತ ದೋಷಗಳು. ಉರುಳೆಗಳ ನಡುವಿನ ಅಂತರ ಫಾರಂ ಕೋಳಿಯ ದೊಡ್ಡ ಮೊಟ್ಟೆಗೆ ಹೊಂದುವಂತಿದೆ. ನಮ್ಮ ಊರ ಕೋಳಿಯ 40 ಗ್ರಾಂ ಆಸುಪಾಸಿನ ಮೊಟ್ಟೆ ಎರಡು ಉರುಳೆಗಳ ನಡುವಿನ ಸಂದಿಯಲ್ಲಿ ಕೂತುಬಿಡುತ್ತದೆ, ಉರುಳೆ ತಿರುಗಿದರೂ ಅದು ಹೊರಳುವುದಿಲ್ಲ. ಒಂದು ಬದಿಗೆ ಗುಣಿಸುವ ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದಿಟ್ಟಿದ್ದರಿಂದ ಇದು ನನ್ನ ಗಮನಕ್ಕೆ ಬಂತು. ಬೆಳಿಗ್ಗೆ ಮೇಲಿದ್ದ ಸೊನ್ನೆ ರಾತ್ರಿಯೂ ಮೇಲೆಯೇ ಇತ್ತು. ಹೊರಳದ ಮೊಟ್ಟೆಯ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಅಂತಹವನ್ನು ದಿನಕ್ಕೆ ಮೂರು ಬಾರಿ ಕೈಯಿಂದಲೇ ಹೊರಳಿಸುತ್ತೇನೆ. ಉಷ್ಣತೆಯ ಪರದೆ ನಿಜಕ್ಕಿಂತ 0.4 ಡಿಗ್ರಿ ಕಡಿಮೆ ತೋರಿಸುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಮೊಟ್ಟೆಗಳ ಪಕ್ಕದಲ್ಲಿ ಮಲಗಿಸಿಟ್ಟು ಹೋಲಿಸಿ ಸರಿಪಡಿಸಿಕೊಂಡೆ. ಹೊರಳಿಸುವ ಮೋಟರ್ ಮಳೆಗಾಲದಲ್ಲಿ ಕೆಟ್ಟು, ಬದಲಿ ಮೋಟರ್ ಬರಲು 19 ದಿನ ಹಿಡಿಯಿತು. 21 ದಿನದ ಕೆಲಸಕ್ಕೆ 19 ದಿನದ ವಿಳಂಬವೆಂದರೆ ಅದು ಸೇವೆಯೇ ಅಲ್ಲ. ಅದು ಬರುವ ಹೊತ್ತಿಗೆ ನಮ್ಮ ಮರಿಗಳು ಆಗಲೇ ಅಂಗಳದಲ್ಲಿ ಓಡಾಡುತ್ತಿದ್ದವು.

ಕರೆಂಟ್ ವಿಷಯದಲ್ಲಿ ಮಾತ್ರ ನಮ್ಮ ಸೆಕೆ ಉಪಕಾರವನ್ನೇ ಮಾಡುತ್ತದೆ. ಗುಡುಗು ಮಳೆಗೆ ಎರಡು ಗಂಟೆ ಕರೆಂಟ್ ಇಲ್ಲದಿದ್ದಾಗ ಮುಚ್ಚಳ ತೆಗೆಯದೆ ಮೇಲೊಂದು ಹೊದಿಕೆ ಹೊದೆಸಿದರೆ ಒಳಗೆ 34ರ ಕೆಳಗೆ ಇಳಿಯಲಿಲ್ಲ. ಹೇಂಟೆಯೂ ಮೇಯಲೆಂದು ದಿನಕ್ಕೊಮ್ಮೆ ಗೂಡು ಬಿಟ್ಟು ಹೋಗುತ್ತದೆಯಲ್ಲ. ಒಂದು ಬಾರಿ ಮರಿ ಮಾಡಿಸಲು ಸುಮಾರು 15 ಯೂನಿಟ್ ಖರ್ಚಾಗುತ್ತದೆ.

ಯಂತ್ರದ ಹೊರಗಿನ ಒಂದು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. ಬೇಸಿಗೆಯಲ್ಲಿ ಮೊಟ್ಟೆ ಕೂಡಿಡುವುದೇ ಕಷ್ಟದ ಕೆಲಸ. ಅಡುಗೆಮನೆಯ ಬುಟ್ಟಿಯಲ್ಲಿ 32 ಡಿಗ್ರಿಯಲ್ಲಿಟ್ಟ ಮೊಟ್ಟೆಯೊಳಗೆ ಭ್ರೂಣ ಅರೆಬರೆಯಾಗಿ ಬೆಳೆಯಲು ತೊಡಗಿ ಸಾಯುತ್ತದೆ. ಏಳನೆಯ ದಿನ ಕಾಣುವ ರಕ್ತದ ಉಂಗುರಗಳಲ್ಲಿ ಕೆಲವಕ್ಕಾದರೂ ಕಾರಣ ಇದು. ಫ್ರಿಜ್ಜಿನ ತಂಪು ಅತಿಯಾಗುತ್ತದೆ. ನಾವು ಮಡಕೆಯನ್ನು ಹೊಯಿಗೆಯಲ್ಲಿ ಅರ್ಧ ಹುಗಿದು, ಹೊಯಿಗೆಯನ್ನು ಒದ್ದೆಯಾಗಿಟ್ಟು, ಒಳಗೆ ಮೊಟ್ಟೆಗಳನ್ನು ದಪ್ಪ ತುದಿ ಮೇಲೆ ಬರುವಂತೆ ಇಡುತ್ತೇವೆ. ಅಲ್ಲಿಯೂ ಮಧ್ಯಾಹ್ನ 27 ಡಿಗ್ರಿ ಇರುವುದರಿಂದ ಏಪ್ರಿಲ್‌–ಮೇಯಲ್ಲಿ ಐದು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡುವುದಿಲ್ಲ. ಗೂಡಿನಿಂದ ದಿನಕ್ಕೆ ಎರಡು ಬಾರಿ ಹೆಕ್ಕುತ್ತೇವೆ, ತೊಳೆಯುವುದಿಲ್ಲ.

ಹತ್ತು ಮರಿ ಸಾಕೆನ್ನುವವರಿಗೆ ಈ ಖರ್ಚು ಬೇಡ. ಕಾವಿಗೆ ಕೂತ ಊರ ಹೇಂಟೆಯೊಂದಿದ್ದರೆ ಅದರ ಹತ್ತಿರಕ್ಕೂ ಈ ಪೆಟ್ಟಿಗೆ ಬಾರದು. ಮೊಟ್ಟೆ ಹೊರಳಿಸುವುದು, ತೇವ ನೋಡಿಕೊಳ್ಳುವುದು, ಹುಟ್ಟಿದ ಮರಿಗೆ ಮೇಯಲು ಕಲಿಸುವುದು, ಹದ್ದು ಕಂಡಾಗ ರೆಕ್ಕೆಯಡಿಗೆ ಕರೆಯುವುದು ಎಲ್ಲವನ್ನೂ ಅದೇ ಮಾಡುತ್ತದೆ. ವರ್ಷಕ್ಕೆ ಅರವತ್ತೆಪ್ಪತ್ತು ಮರಿ ಬೇಕಾದವರು, ಗಿರಿರಾಜದಂತಹ ತಳಿ ಸಾಕುವವರು ಕೊಳ್ಳಬಹುದು. ಆದರೆ ಗಿರಿರಾಜದ ಮೊಟ್ಟೆಯಿಂದ ಹುಟ್ಟಿದ ಮರಿಗಳಲ್ಲಿ ತಾಯಿಯ ಗುಣ ಪೂರ್ತಿಯಾಗಿ ಬರುವುದಿಲ್ಲವೆಂಬುದು ಅವರ ಗಮನದಲ್ಲಿರಲಿ. ಕೊಳ್ಳುವಾಗ ಉರುಳೆಯ ಅಂತರ ಬದಲಿಸಲು ಬರುವ ಮಾದರಿಯನ್ನೇ ಕೇಳಿ, ಅಂಗಡಿಯಲ್ಲಿಯೇ ನಿಮ್ಮ ಮನೆಯ ಒಂದು ಮೊಟ್ಟೆ ಇಟ್ಟು ಹೊರಳುತ್ತದೆಯೇ ಎಂದು ನೋಡಿ, ಒಂದು ಹೆಚ್ಚಿನ ಮೋಟರನ್ನು ಅಂದೇ ಕೊಂಡುಕೊಳ್ಳಿ.