ಕ್ರೇಟಾ, ಗೇಟಾ? ನಮ್ಮನೆಯ ಎರಡು ನಾಯಿಗಳ ಲೆಕ್ಕ

ಪರಸ್ಪರ ಆಗದ ಎರಡು ನಾಯಿಗಳನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಇಟ್ಟು ಹೊಂದಿಸಲು ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೇಟಿಗೆ. ಪುಟ್ಟ ಮಕ್ಕಳು ಮೆಟ್ಟಿಲಿಂದ ಬೀಳದಿರಲಿ ಅಂತ ಹಾಕುತ್ತಾರಲ್ಲ, ಆ ಬೇಬಿ ಗೇಟ್. ಅದರ ಎರಡರಷ್ಟು ದುಡ್ಡು ಸುರಿದು ತಂದಿದ್ದ ಕಬ್ಬಿಣದ ಕ್ರೇಟ್, ಅಂದರೆ ನಾಯಿಯನ್ನು ಕೂಡಿಹಾಕುವ ಬೋನು, ಈಗ ಟೆರೇಸಿನಲ್ಲಿ ಹಳೇ ಪೇಪರ್ ತುಂಬಿಕೊಂಡು ಕೂತಿದೆ.

ಮನೆಯಲ್ಲಿ ಮೊದಲಿಂದ ಇದ್ದವಳು ಕಾಳಿ, ಬೀದಿಯಿಂದ ತಂದ ನಾಟಿ ನಾಯಿ. ಆಮೇಲೆ ಬಂದವಳು ಚಿಗರಿ, ಮುಧೋಳ ತಳಿ. ಬೇರೆ ನಾಯಿ ಕಣ್ಣಿಗೆ ಬಿದ್ದರೆ ಸಾಕು, ಇಬ್ಬರಿಗೂ ಮೈಯೆಲ್ಲ ಉರಿ. "ಸುಮ್ನೆ ಬಿಡಿ ಸಾರ್, ಯಾರು ಲೀಡರ್ ಅಂತ ಅವೇ ತೀರ್ಮಾನ ಮಾಡ್ಕೊಳ್ತವೆ" ಅಂದರು ಒಬ್ಬ ಟ್ರೇನರ್. ಬಿಟ್ಟೆವು. ಚಿಗರಿಯ ಕಿವಿಗೆ ನಾಲ್ಕು ಹೊಲಿಗೆ ಬಿತ್ತು. ಗುಂಪಿಗೊಬ್ಬ ಲೀಡರ್ ಅನ್ನುವ ತೋಳಗಳ 'ಆಲ್ಫಾ' ಮಾತನ್ನು ಜನಪ್ರಿಯ ಮಾಡಿದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ ಬರೆದಿದ್ದರಂತೆ. ನಾನು ಓದಿದ್ದು ಹೊಲಿಗೆ ಬಿದ್ದ ಮೇಲೆ!

ಕ್ರೇಟ್ ಒಂಟಿ ನಾಯಿಗೆ ಚೆನ್ನ. ಇಲ್ಲಿ ಒಳಗಿದ್ದವಳಿಗೆ ಸರಿದುಹೋಗಲು ಜಾಗವಿಲ್ಲ, ಹೊರಗಿದ್ದವಳು ಎದುರೇ ನಿಂತು ದುರುಗುಟ್ಟುತ್ತಿದ್ದಳು. ಕಾಳಿ ಕಂಬಿ ಕಚ್ಚಿ ಕೋರೆಹಲ್ಲಿನ ತುದಿ ಮುರಿದುಕೊಂಡಳು.

ಗೇಟೂ ಸುಲಭಕ್ಕೆ ಬಗ್ಗಲಿಲ್ಲ. ಅದು ಸ್ಕ್ರೂ ಇಲ್ಲದೆ, ಎರಡೂ ಬದಿಯ ರಬ್ಬರ್ ತಿರುಪಿನ ಒತ್ತಡದಲ್ಲಿ ನಿಲ್ಲುವಂಥದ್ದು. ನಮ್ಮದು ಹಳೇ ಮನೆ. ನಡುಮನೆಯ ಚೌಕಟ್ಟಿನ ಅಂಚಿಗೆಲ್ಲ ಕೆತ್ತನೆ, ರಬ್ಬರಿಗೆ ಸಮತಟ್ಟಾದ ಜಾಗವೇ ಇಲ್ಲ. ಸಂಜೆಯಾದರೆ ಗೇಟು ಜಾರಿ ಓರೆಯಾಗುತ್ತಿತ್ತು. ಕೆಳಗಿನ ಪಟ್ಟಿ ನೇರ ಹೊಸ್ತಿಲ ಮೇಲೆ ಬೇರೆ. ಶುಕ್ರವಾರ ಅರಿಶಿನ ಹಚ್ಚಲು ಬಂದ ಅಮ್ಮ, "ಹೊಸ್ತಿಲ ಮೇಲೆ ಇದೇನೋ ಕಬ್ಬಿಣ?" ಅಂದರು. ಕೊನೆಗೆ ಬಡಗಿ ಬಂದು ಎರಡೂ ಕಡೆ ಮರದ ರೀಪರ್ ಹೊಡೆದು, ಗೇಟನ್ನು ಹೊಸ್ತಿಲಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿ ಕೂರಿಸಿದ.

ಅಷ್ಟಾದ ಮೇಲೆ ಚಿಗರಿ ಅದನ್ನು ಹಾರಿದಳು. ಗೇಟು 76 ಸೆಂ.ಮೀ., ಅವಳ ಭುಜವೇ 65 ಸೆಂ.ಮೀ. ಆ ಗೇಟಿನ ಮೇಲೆ ಇನ್ನೊಂದು ಗೇಟು ಹಾಕಿಸಿದೆ. ಈಗ ಕೈಯಲ್ಲಿ ಕಾಫಿ ಲೋಟ ಹಿಡಿದು ಎರಡು ಚಿಲಕ ತೆಗೆಯಬೇಕು. ಚಿಲಕ 'ಟಕ್' ಅಂದರೆ ಇಬ್ಬರೂ ಬೊಗಳುತ್ತಿದ್ದರು, ಅದಕ್ಕೆ ಪ್ರತಿ 'ಟಕ್'ಗೂ ಒಂದೊಂದು ತುಣುಕು ಬೇಯಿಸಿದ ಚಿಕನ್ ಲಿವರ್.

ಮೊದಲ ವಾರ ಗೇಟಿಗೆ ಹಳೇ ಪಂಚೆ ಹೊದಿಸಿದ್ದೆವು, ವಾಸನೆ ಮಾತ್ರ ಸಿಗಲಿ ಅಂತ. ಆಮೇಲೆ ದಿನಕ್ಕೆ ಒಂದು ಗೇಣು ಮೇಲೆತ್ತಿದೆವು. ಒಬ್ಬಳು ಕಂಡ ಕೂಡಲೇ, ಇನ್ನೊಬ್ಬಳು ಗುರ್ ಅನ್ನುವ ಮೊದಲೇ ಲಿವರ್. ಗುರ್ ಅಂದರೆ ನಾವು ಅವಸರ ಮಾಡಿದ್ದೇವೆ ಅಂತ ಅರ್ಥ, ಪಂಚೆ ಮತ್ತೆ ಕೆಳಗೆ. ಎರಡು ತಿಂಗಳು ಹಿಡಿಯಿತು.

ಬಾಸ್ಕೆಟ್ ಮಝಲ್, ಎತ್ತಿನ ಬಾಯಿಕುಕ್ಕೆ ಥರದ್ದು, ಗೇಟು ತೆಗೆದ ಮೊದಲ ದಿನಗಳಿಗೆ ಸಾಕಾಯಿತು. ಬಾಯಿ ಬಿಗಿಯುವ ಬಟ್ಟೆಯದು ಬೇಡ, ಏದುಸಿರು ಬಿಡದೆ ನಾಯಿಗೆ ಮೈ ತಂಪಾಗುವುದಿಲ್ಲ.

ನಾನು ಮನೆಯಿಂದಲೇ ಕೆಲಸ ಮಾಡುವವನು, ದಿನಕ್ಕೆ ಹತ್ತು ಸಲ ಪಂಚೆ ಎತ್ತಲು ಪುರುಸೊತ್ತಿತ್ತು. ದಿನವಿಡೀ ಆಫೀಸಿನಲ್ಲಿರುವವರು ಹೊರಡುವಾಗ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿಕೊಳ್ಳಿ. ಅದಕ್ಕೆ ದುಡ್ಡೂ ಬೇಡ.

ಈಗ ಮಧ್ಯಾಹ್ನ ಗೇಟು ತೆರೆದೇ ಇರುತ್ತದೆ. ಕಾಳಿ ಹೊಸ್ತಿಲ ಆ ಕಡೆ, ಚಿಗರಿ ಈ ಕಡೆ ಮಲಗುತ್ತಾರೆ. ಊಟದ ಹೊತ್ತಿಗೆ ಮಾತ್ರ ಎರಡೂ ಚಿಲಕ ಹಾಕುತ್ತೇನೆ.