ಜೆನೆಟಿಕ್ಸ್ ಕ್ಲಿನಿಕ್‌ನವರು ನಮ್ಮನ್ನೂ ಕೂರಿಸಿಕೊಂಡು ಕೇಳಿದರು

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಜೆನೆಟಿಕ್ಸ್ ಕ್ಲಿನಿಕ್‌ಗೆ ನಾವು ಎರಡು ವರ್ಷದಿಂದ ಹೋಗುತ್ತಿದ್ದೇವೆ. ಮಗನಿಗೆ ಡಿಎಂಡಿ, ಅಂದರೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರಫಿ, ಜೀನ್‌ನಲ್ಲಿನ ದೋಷದಿಂದ ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳೋ ಕಾಯಿಲೆ. ನೆಲದಿಂದ ಏಳುವಾಗ ಮೊದಲು ಮೊಣಕಾಲು, ಆಮೇಲೆ ತೊಡೆ, ಹೀಗೆ ತನ್ನ ಮೈಯನ್ನೇ ಹಿಡಿದು ಹತ್ತಿದ ಹಾಗೆ ಏಳುತ್ತಿದ್ದ. ಬೆಳೀತಾ ಸರಿ ಹೋಗುತ್ತೆ ಅಂತ ಎಲ್ಲರೂ ಹೇಳಿದರು, ನಾವೂ ನಂಬಿ ಒಂದು ವರ್ಷ ಕಳೆದೆವು.

ಅಲ್ಲಿನ ಕೌನ್ಸೆಲರ್ ತುಂಬಾ ಒಳ್ಳೆಯವರು. ಮೂರು ತಲೆಮಾರಿನ ವಿವರ ಕೇಳಿ ಹಾಳೆ ಮೇಲೆ ಚಿತ್ರ ಬರೆದರು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನನ್ನ ರಕ್ತದ ರಿಪೋರ್ಟ್ ಬಂದ ದಿನ ನನ್ನ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರು. ಕ್ಯಾರಿಯರ್, ಅಂದರೆ ಆ ಜೀನ್ ದೋಷ ಇದ್ದೂ ಸಾಮಾನ್ಯವಾಗಿ ತನಗೆ ಕಾಯಿಲೆ ಕಾಣದವಳು, ಅನ್ನೋದಕ್ಕೆ ಅದು ಗುರುತು. ಪಕ್ಕದಲ್ಲಿದ್ದ ಅತ್ತೆ ಆ ಚುಕ್ಕೆಯನ್ನೇ ನೋಡುತ್ತಾ ಕೂತರು. ಇದು ಯಾರ ತಪ್ಪೂ ಅಲ್ಲ, ಈ ಕಾಯಿಲೆ ಇರೋ ಸುಮಾರು ಮೂರು ಮಕ್ಕಳಲ್ಲಿ ಒಬ್ಬರಿಗೆ ತಾಯಿಯಲ್ಲಿ ಏನೂ ಇಲ್ಲದಿದ್ದರೂ ಹೊಸದಾಗಿ ಬರುತ್ತೆ, ಇದ್ದರೂ ಅದು ಯಾರೂ ಕೇಳಿ ಪಡೆದದ್ದಲ್ಲ ಅಂತ ಅತ್ತೆಗೆ ತಿಳಿಯೋ ಹಾಗೆ ಹೇಳೋಕೆ ಇನ್ನೊಂದು ಅರ್ಧ ಗಂಟೆ ಸಾಕಿತ್ತು. ಅಷ್ಟರಲ್ಲಿ ಹೊರಗೆ ಮುಂದಿನ ಟೋಕನ್ ಕೂಗಿದರು. ಕೈಗೆ ಬಂದದ್ದು ಆರು ಪುಟದ ಇಂಗ್ಲಿಷ್ ರಿಪೋರ್ಟ್. ಮನೆಯಲ್ಲಿ ತಿಂಗಳುಗಟ್ಟಲೆ ಆ ಚುಕ್ಕೆಯದ್ದೇ ಮಾತು.

ಹೋದ ತಿಂಗಳು ಅವರೇ ಫೋನ್ ಮಾಡಿ, ಮುಂದಿನ ವರ್ಷಗಳಲ್ಲಿ ಕ್ಲಿನಿಕ್ ಹೇಗಿರಬೇಕು ಅಂತ ಮಾತಾಡೋಕೆ ಬನ್ನಿ ಎಂದರು. ಒಂದು ಶನಿವಾರ ಹತ್ತು ಕುಟುಂಬ, ಡಾಕ್ಟರು, ಕೌನ್ಸೆಲರ್, ಲ್ಯಾಬ್‌ನವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತೆವು. ಇಂಥದ್ದನ್ನು ನಾನು ಯಾವ ಆಸ್ಪತ್ರೆಯಲ್ಲೂ ನೋಡಿರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಸನದಿಂದ ಬಂದಿದ್ದ ಒಬ್ಬ ತಂದೆ, ಹತ್ತು ನಿಮಿಷದ ಮಾತಿಗೆ ರಾತ್ರಿ ಬಸ್ ಹತ್ತಿ ಮಗುವನ್ನು ಎತ್ತಿಕೊಂಡು ಬರಬೇಕಾ, ಫೋನ್‌ನಲ್ಲೇ ವಿಡಿಯೋದಲ್ಲಿ ಹೇಳಬಹುದಲ್ವಾ ಅಂದರು. ತಾಲ್ಲೂಕಿನ ಮಕ್ಕಳ ಡಾಕ್ಟರೊಬ್ಬರು, ಪದೇ ಪದೇ ಬೀಳೋ ಹುಡುಗನಿಗೆ ಮೊದಲು ಸ್ನಾಯು ಹಾಳಾಗುತ್ತಿದೆಯಾ ಅಂತ ತೋರಿಸೋ ಒಂದು ಸಿಪಿಕೆ ರಕ್ತ ಪರೀಕ್ಷೆ ಮಾಡಿಸಿ ಅಂತ ನಮ್ಮಂಥವರಿಗೂ ಯಾರಾದರೂ ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದು ಕೇಳಿದರು. ನನ್ನ ಒಂದು ವರ್ಷ ನೆನಪಾಯಿತು.

ಜಾಸ್ತಿ ಚರ್ಚೆಯಾಗಿದ್ದು ಅರ್ಥ ಗೊತ್ತಿಲ್ಲದ ಬದಲಾವಣೆ ಅಂತ ರಿಪೋರ್ಟ್ ಬರುತ್ತಲ್ಲ, ಅದರ ಬಗ್ಗೆ. ಜೀನ್‌ನಲ್ಲಿ ವ್ಯತ್ಯಾಸ ಇದೆ, ಅದರಿಂದ ಕಾಯಿಲೆಯೋ ಅಲ್ಲವೋ ಹೇಳೋಕೆ ಆಗಲ್ಲ. ಜಗತ್ತಿನ ಮಾಹಿತಿಯಲ್ಲಿ ಹೆಚ್ಚಿನದು ಯುರೋಪ್ ಮೂಲದವರದ್ದು, ನಮ್ಮ ಜನರದ್ದು ಕಡಿಮೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಮಾಹಿತಿ, ಓದಿದ್ದಾರೆ, ಹಾಗಾಗಿ ಇವತ್ತು ಗೊತ್ತಿಲ್ಲ ಅಂದದ್ದು ನಾಳೆ ಗೊತ್ತಾಗಬಹುದು. ಆಗ ಹಳೆಯ ರಿಪೋರ್ಟ್ ತೆಗೆದು ನೋಡಿ ಮನೆಯವರಿಗೆ ಫೋನ್ ಮಾಡೋದು ಯಾರು? ಲ್ಯಾಬ್‌ನವರು ಡಾಕ್ಟರ್ ಮುಖ ನೋಡಿದರು, ಡಾಕ್ಟರು ಲ್ಯಾಬ್‌ನವರ ಮುಖ ನೋಡಿದರು. ಅದು ಯಾರ ಕೆಲಸ ಅಂತಲೇ ಈವರೆಗೆ ನಿರ್ಧಾರ ಆಗಿರಲಿಲ್ಲ. ಕೊನೆಗೆ ವರ್ಷಕ್ಕೊಮ್ಮೆ ಕೌನ್ಸೆಲರ್ ಪಟ್ಟಿ ನೋಡುತ್ತಾರೆ ಅಂತ ಬರೆದುಕೊಂಡರು.

ಬ್ರಿಟನ್‌ನಲ್ಲಿ 1 ಲಕ್ಷ ಜೀನೋಮ್ ಓದಿದ ಜೀನೋಮಿಕ್ಸ್ ಇಂಗ್ಲೆಂಡ್ ಸಂಸ್ಥೆಯಲ್ಲಿ, ರಕ್ತ ಕೊಟ್ಟ ಕುಟುಂಬದವರದ್ದೇ ಒಂದು ಸಮಿತಿ ಇದೆಯಂತೆ. ನಮ್ಮದೂ ಹಾಗೆ ಕಾಯಂ ಆಗಲಿ ಅಂತ ನಾನು ಕೇಳಿದೆ. ಈ ಸಲ ಹೊಸ ಓಪಿಡಿಯ ನಕ್ಷೆ ಆಗಲೇ ಮುಗಿದಿತ್ತು. ವೀಲ್‌ಚೇರ್ ತಿರುಗಿಸೋಕೆ ಬಾಗಿಲ ಹತ್ತಿರ ಜಾಗ ಇಲ್ಲ ಅಂತ ನಾವು ತೋರಿಸಿದಾಗ ಇನ್ನು ಬದಲಿಸೋದು ಕಷ್ಟ ಅಂದರು. ನಕ್ಷೆ ಬರೆಯುವ ಮೊದಲೇ ಕರೆಯಬೇಕಿತ್ತು. ಇದಕ್ಕೇ ಒಂದು ಸ್ಟಾರ್ ಕಡಿಮೆ, ಐದರಲ್ಲಿ ನಾಲ್ಕು.

ಹೋಗುವವರು ಅಜ್ಜ ಅಜ್ಜಿ ಕಡೆಯವರ ವಿವರ ಬರೆದುಕೊಂಡು ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ, ಬೆಂಗಳೂರಲ್ಲಿ ಅದಕ್ಕೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ನಮಗೆ ಇದನ್ನು ಹೇಳಿದ್ದು ಹಾಸನದ ಆ ತಂದೆ. ಕನ್ನಡದಲ್ಲಿ ಒಂದು ಪುಟದ ಪತ್ರ ಬೇಕು ಅಂತ ಕೇಳಿ, ಈಗ ಕೊಡುತ್ತಾರೆ. ನನ್ನದು ಹೋದ ವಾರ ಬಂತು, ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.